ಕಲ್ಲು ನಿಂತ ಜಾಗ ಪಹಣಿಗೆ ಬರಲಿ: ಕೊಡಗು ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ,

ಶಾಸನತಜ್ಞ ಬಿ. ಎಲ್. ರೈಸ್ 1886ರಲ್ಲಿ ಕೊಡಗಿನ ಶಾಸನಗಳನ್ನು ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಶಾಸನ ಸಂಗ್ರಹಮಾಲೆಯ ಮೊದಲ ಸಂಪುಟವಾಗಿ ಅಚ್ಚು ಹಾಕಿಸಿದರು. ಕ್ರಿ.ಶ. 888ರ ಬಿಳಿಯೂರು ಶಾಸನದ ಪಾಠ ಇಂದು ಯಾರಿಗೂ ಓದಲು ಸಿಗುತ್ತದೆ. ಆದರೆ ತೋಟ, ಗದ್ದೆಬದು, ದೇವರಕಾಡುಗಳಲ್ಲಿ ಬಿದ್ದಿರುವ ಅಕ್ಷರವಿಲ್ಲದ ವೀರಗಲ್ಲು, ಕೊಲ್ಲೆಕಲ್ಲುಗಳನ್ನು, ಅಂದರೆ ಕಾಳಗದಲ್ಲಿ ಮಡಿದವರ ನೆನಪಿನ ಕಲ್ಲುಗಳನ್ನು, ಕೇಳುವವರಿಲ್ಲ. 1961ರ ರಾಜ್ಯ ಸ್ಮಾರಕ ಕಾಯ್ದೆ ಕಾಯುವುದು ಅಧಿಸೂಚನೆಯಾದವನ್ನು ಮಾತ್ರ. ಉಳಿದವಕ್ಕೆ ಜೆಸಿಬಿಯೇ ಗತಿ.

ಹುಡುಕಲು ಸರಿಯಾದ ಕಾಲ ಫೆಬ್ರವರಿ, ಮಾರ್ಚ್: ಕಾಫಿ ಕುಯ್ಲು ಮುಗಿಯುತ್ತ ಬಂದಿರುತ್ತದೆ, ಪಾಚಿ ಒಣಗಿರುತ್ತದೆ. ಮೊದಲು ಕೇಳಬೇಕಾದ್ದು ಕಳೆ ತೆಗೆಯುವ ಕಾರ್ಮಿಕರನ್ನು. ಕತ್ತಿ ತಾಗುವ ಕಲ್ಲು ಯಾವುದೆಂದು ಅವರಿಗೆ ಗೊತ್ತು. ನೆಲದ ಮೇಲೆ ಸೂರ್ಯ, ಚಂದ್ರ, ಲಿಂಗವಷ್ಟೇ ಕಂಡರೆ ಅದು ಹೂತ ವೀರಗಲ್ಲಿನ ತುದಿ ಇರಬಹುದು. ಕೆಳಗಿನ ಅಂಕಣದಲ್ಲಿ ಕಾಳಗ, ನಡುವೆ ವೀರನನ್ನು ಒಯ್ಯುವ ಅಪ್ಸರೆಯರು. ಬರಹವಿದ್ದರೆ ಸಾಮಾನ್ಯವಾಗಿ ಅಂಕಣಗಳ ನಡುವಣ ಪಟ್ಟಿಯಲ್ಲಿ. ಹಾಗಾಗಿಯೇ ಭಕ್ತಿಯಿಂದ ಕಟ್ಟಿದ ಸಿಮೆಂಟ್ ಕಟ್ಟೆಯೂ ಕೆಡುಕು ಮಾಡುತ್ತದೆ: ಕೆಳಸಾಲು ಶಾಶ್ವತವಾಗಿ ಮುಚ್ಚಿಹೋಗುತ್ತದೆ, ಸಿಮೆಂಟಿನ ಉಪ್ಪು ತೇವದೊಡನೆ ಏರಿ ಕಲ್ಲಿನ ಮೈ ಸಿಪ್ಪೆಯೇಳುತ್ತದೆ.

ತಂತಿ ಬ್ರಷ್, ಆಸಿಡ್, ಎಣ್ಣೆ, ಬಣ್ಣ ಬೇಡವೇ ಬೇಡ. ನೀರು ಮತ್ತು ಮೆತ್ತನೆಯ ನಾರಿನ ಬ್ರಷ್ ಸಾಕು. ಬಿಡದ ಕಲ್ಲುಹೂವನ್ನು ಕೆರೆಯಬಾರದು, ಅದರ ಜೊತೆ ಅಕ್ಷರದ ಅಂಚೂ ಬರುತ್ತದೆ. ಸವೆದ ಗೆರೆಗೆ ಸೀಮೆಸುಣ್ಣ ತುಂಬಿದರೆ ತುಂಬಿದವರ ಊಹೆಯೇ ಫೋಟೋದಲ್ಲಿ ಅಕ್ಷರವಾಗುತ್ತದೆ. ಸಿಲ್ವರ್ ಓಕ್ ನೆರಳಲ್ಲಿ ಓರೆ ಬಿಸಿಲು ಸಿಗದು. ಕತ್ತಲಾದ ಮೇಲೆ ಟಾರ್ಚನ್ನು ಕಲ್ಲಿನ ಮೈಗೆ ಒರಗಿಸಿದಂತೆ ಹಿಡಿದು, ನಾಲ್ಕೂ ಬದಿಯಿಂದ ಬೆಳಕು ಬಿಟ್ಟು, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಚಿತ್ರ ತೆಗೆಯಬೇಕು. ಪಡಿಯಚ್ಚು, ಅಂದರೆ ಒದ್ದೆ ಕಾಗದ ಒತ್ತಿ ಮಸಿಯಲ್ಲಿ ಅಕ್ಷರದ ಅಚ್ಚು ತೆಗೆಯುವುದು, ಬಲ್ಲವರ ಕೆಲಸ.

ಕಲ್ಲನ್ನು ಎತ್ತಿ ಗುಡಿಯಂಗಳಕ್ಕೆ ತರುವುದನ್ನು ದಯವಿಟ್ಟು ಪ್ರೋತ್ಸಾಹಿಸಬೇಡಿ. ಅದು ಯಾವ ದಾರಿ, ಯಾವ ಗಡಿ, ಯಾವ ಕಾಳಗದ್ದು ಎಂಬ ಸುಳಿವು ನಿಂತ ನೆಲದಲ್ಲೇ ಇರುತ್ತದೆ.

ನಮ್ಮ ಬೇಡಿಕೆ ಒಂದೇ. ಪ್ರತಿ ಗ್ರಾಮ ಆಡಳಿತಾಧಿಕಾರಿಯಿಂದ ಕಲ್ಲಿನ ಸರ್ವೆ ನಂಬರ್, ಅಕ್ಷಾಂಶ-ರೇಖಾಂಶ, ಎತ್ತರ, ಅಗಲ, ದಪ್ಪ, ಮುಖ ಮಾಡಿರುವ ದಿಕ್ಕು, ಎರಡು ಚಿತ್ರ ತರಿಸಿಕೊಳ್ಳಿ. ಪಹಣಿಯ ಷರಾದಲ್ಲಿ ಒಂದು ಸಾಲು ಬರೆಸಿ, ಪ್ರತಿಯನ್ನು ಪುರಾತತ್ವ ಇಲಾಖೆಗೂ ಕಳಿಸಿ. ಜಾಗ ಖಾಸಗಿಯಾದರೆ ಮಾಲೀಕರಿಗೆ ಜಮೀನು ಹೋಗುವುದಿಲ್ಲವೆಂದು ಲಿಖಿತವಾಗಿ ತಿಳಿಸಿ. ಆ ಭಯದಿಂದಲೇ ಎಷ್ಟೋ ಕಲ್ಲುಗಳನ್ನು ಮರೆಮಾಡಲಾಗುತ್ತದೆ. ನಿಧಿಗಳ್ಳರ ಕಾಟವಿರುವುದರಿಂದ ನಿಖರ ಸ್ಥಳವನ್ನು ಜಾಲತಾಣಕ್ಕೆ ಹಾಕಬೇಡಿ. ಭೂಪರಿವರ್ತನೆಗೂ ಮಣ್ಣು ಅಗೆತಕ್ಕೂ ಅನುಮತಿ ಕೊಡುವ ಮುನ್ನ ಈ ಪಟ್ಟಿಯನ್ನು ನೋಡುವುದು ಕಡ್ಡಾಯವಾಗಲಿ.

ಇಂತಿ,
ಕೊಡಗಿನ ಶಾಸನಾಸಕ್ತರು