ಶೆಟ್ಟಿಹಳ್ಳಿಯ ಚರ್ಚು: ಊರಿನವರ ನೆನಪೂ ದಾಖಲಾಗಲಿ

ಮಾನ್ಯ ಸಂಪಾದಕರೇ,

ಹೇಮಾವತಿ ಹಿನ್ನೀರಿನಲ್ಲಿ ನಿಂತಿರುವ ಶೆಟ್ಟಿಹಳ್ಳಿಯ ರೋಸರಿ ಚರ್ಚಿನ ಚಿತ್ರಗಳು ಮಳೆಗಾಲ ಬಂತೆಂದರೆ ಪತ್ರಿಕೆಗಳಲ್ಲಿ ಕಾಣಿಸಿಕೊಳ್ಳುತ್ತವೆ. ಚಿತ್ರಗಳೇನೋ ಸೊಗಸಾಗಿರುತ್ತವೆ, ಆದರೆ ಅವುಗಳ ಜೊತೆಗಿನ ಬರಹದಲ್ಲಿ ‘ಮುಳುಗುವ ಚರ್ಚು’ ಎಂಬ ಬೆರಗಿರುತ್ತದೆಯೇ ಹೊರತು, ಅಲ್ಲಿ ಪ್ರಾರ್ಥಿಸುತ್ತಿದ್ದ ಊರಿನವರ ಪ್ರಸ್ತಾಪ ಇರುವುದು ಅಪರೂಪ.

ಕಳೆದ ವರ್ಷ ಮಗಳ ಮನೆಗೆಂದು ಫ್ರಾನ್ಸಿನ ಬ್ರೆಸ್ಟ್ ನಗರಕ್ಕೆ ಹೋಗಿದ್ದಾಗ, ಬ್ರಿಟನಿ ಪ್ರಾಂತ್ಯದ ಗಿಮಿಲಿಯೊ ಎಂಬ ಸಣ್ಣ ಊರಿನ ಚರ್ಚನ್ನು ನೋಡಿದೆ. ನಮ್ಮ ದೇವಸ್ಥಾನಗಳಿಗೆ ಪ್ರಾಕಾರವಿರುವಂತೆ ಅಲ್ಲಿಯೂ ಚರ್ಚಿನ ಸುತ್ತ ಕಲ್ಲಿನ ಆವರಣವಿದ್ದು, ಅದರೊಳಗೆ ಏಸುಕ್ರಿಸ್ತನ ಜೀವನವನ್ನು ಶಿಲ್ಪದಲ್ಲಿ ನಿರೂಪಿಸುವ ಕಲ್ವಾರಿ ಇದೆ. 1581ರಿಂದ 1588ರ ನಡುವೆ ಕಡೆದ ಅದರಲ್ಲಿ ಸುಮಾರು 200 ಮೂರ್ತಿಗಳಿವೆ. ಹಳೇಬೀಡಿನ ಗೋಡೆಯ ಮೇಲೆ ರಾಮಾಯಣ, ಮಹಾಭಾರತಗಳ ಸಾಲುಗಳನ್ನು ನೋಡುತ್ತಾ ಬೆಳೆದ ನಾನು, ಓದು ಬಾರದವರಿಗೂ ಕಥೆ ಹೇಳುವ ಆ ಕಲ್ಲುಗಳ ಮುಂದೆ ಬಹಳ ಹೊತ್ತು ನಿಂತಿದ್ದೆ. ಬೈಬಲ್ಲಿನ ಸೈನಿಕರು ಶಿಲ್ಪಿಗಳ ಕಾಲದ ಉಡುಪಿನಲ್ಲಿದ್ದಾರೆ. ದೆವ್ವಗಳು ನರಕಕ್ಕೆ ಎಳೆದೊಯ್ಯುವ ಕಾಟೆಲ್ ಎಂಬ ಹುಡುಗಿಯಂತೂ ಬೈಬಲ್ಲಿನವಳೇ ಅಲ್ಲ, ಆ ಸೀಮೆಯ ಜನರ ಬಾಯಲ್ಲಿದ್ದ ಕಥೆಯವಳು. ಬೇಲೂರು, ಹಳೇಬೀಡುಗಳ ಹಿಂದೆ ಅರಸರ, ಅಧಿಕಾರಿಗಳ ಆಶ್ರಯವಿತ್ತು. ಇಲ್ಲಿಯಾದರೋ, 16 ಮತ್ತು 17ನೆಯ ಶತಮಾನಗಳಲ್ಲಿ ಅಗಸೆ ನಾರಿನ ಬಟ್ಟೆಯನ್ನು ಹಡಗುಗಳಲ್ಲಿ ಹೊರದೇಶಗಳಿಗೆ ಮಾರಿ ಅನುಕೂಲಸ್ಥರಾದ ಹಳ್ಳಿಯವರೇ ಅಕ್ಕಪಕ್ಕದ ಊರುಗಳೊಂದಿಗೆ ಪೈಪೋಟಿಗೆ ಬಿದ್ದವರಂತೆ ಹಣ ಹಾಕಿದರು. ಸಮೀಪದ ಸೇಂತ್ ತೆಗೊನೆಕ್‌ನ ಚರ್ಚು 1998ರಲ್ಲಿ ಬೆಂಕಿಗೆ ತುತ್ತಾಯಿತು. ಹಾನಿಗೊಂಡ ಭಾಗವನ್ನು ಹಲವು ವರ್ಷ ಶ್ರಮಿಸಿ ದುರಸ್ತಿ ಮಾಡಿ ಉಳಿಸಿಕೊಂಡಿದ್ದಾರೆ.

ಶೆಟ್ಟಿಹಳ್ಳಿಯ ಚರ್ಚಿಗೆ ಅಂತಹ ಊರು ಈಗ ಪಕ್ಕದಲ್ಲಿಲ್ಲ. 1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿಸಿದರೆಂದು ಹೇಳಲಾಗುವ ಈ ಗಾಥಿಕ್ ಶೈಲಿಯ ಕಟ್ಟಡವನ್ನು ಗೊರೂರು ಅಣೆಕಟ್ಟೆಯ ಹಿನ್ನೀರು ಆವರಿಸಿತು. ಜನ ಬೇರೆಡೆಗೆ ಹೋಗಿ ನೆಲೆಸಬೇಕಾಯಿತು. ಚಾವಣಿ ಹೋಗಿದೆ. ಉಳಿದಿರುವ ಮೊನಚು ಕಮಾನುಗಳು ಮಳೆಗಾಲದಲ್ಲಿ ನೆನೆದು ಬೇಸಿಗೆಯಲ್ಲಿ ಒಣಗುತ್ತಾ ವರ್ಷದಿಂದ ವರ್ಷಕ್ಕೆ ಸವೆಯುತ್ತಿವೆ. ಅದೇ ಗೋಡೆಗಳ ಮೇಲೆ ಹತ್ತಿ ಚಿತ್ರ ತೆಗೆಸಿಕೊಳ್ಳುವವರನ್ನೂ, ಗಾರೆಯನ್ನು ಕೆರೆದು ಹೆಸರು ಬರೆಯುವವರನ್ನೂ ಕಂಡು ನನಗೆ ತೀವ್ರ ಸಂಕಟವಾಗಿದೆ.

ಪ್ರತಿ ವರ್ಷ ನೀರು ಏರಿಳಿಯುವ ಜಾಗದಲ್ಲಿ ಆ ಕಟ್ಟಡವನ್ನು ಮೊದಲಿನಂತೆ ನಿಲ್ಲಿಸುವುದು ಸುಲಭವಲ್ಲ ಎಂಬುದನ್ನು ಒಪ್ಪುತ್ತೇನೆ. ಆದರೆ ಬೇಸಿಗೆಯಲ್ಲಿ ನೀರು ಇಳಿದಾಗ ಪ್ರತಿಯೊಂದು ಗೋಡೆ, ಕಮಾನುಗಳನ್ನು ಅಳತೆ ಮಾಡಿ ನಕ್ಷೆ ಬರೆಸುವುದಕ್ಕೂ, ಸಡಿಲಗೊಂಡ ಭಾಗಗಳ ಬಳಿ ಕಾವಲು ಹಾಕುವುದಕ್ಕೂ ದೊಡ್ಡ ಮೊತ್ತ ಬೇಕಾಗಲಾರದು. ಅದಕ್ಕಿಂತಲೂ ಅವಸರದ ಕೆಲಸ ಇನ್ನೊಂದಿದೆ. ಬಾಲ್ಯದಲ್ಲಿ ಅಲ್ಲಿ ಪೂಜೆಗೆ ಕುಳಿತಿದ್ದವರು ಈಗ ವೃದ್ಧರಾಗಿದ್ದಾರೆ. ಬಲಿಪೀಠ ಹೇಗಿತ್ತು, ಹಬ್ಬದ ಮೆರವಣಿಗೆ ಯಾವ ದಾರಿಯಲ್ಲಿ ಸಾಗುತ್ತಿತ್ತು, ಹಿರಿಯರನ್ನು ಎಲ್ಲಿ ಮಣ್ಣು ಮಾಡಿದ್ದರು ಎಂಬುದನ್ನು ಅವರನ್ನೇ ಕರೆದೊಯ್ದು, ಆ ಗೋಡೆಗಳ ನಡುವೆ ನಿಲ್ಲಿಸಿ, ಅವರ ಮಾತಿನಲ್ಲೇ ಧ್ವನಿಮುದ್ರಿಸಿಕೊಳ್ಳಬೇಕು. ಜಿಲ್ಲಾಡಳಿತವೂ ಪುರಾತತ್ವ ಇಲಾಖೆಯೂ ಇದನ್ನು ಬರುವ ಬೇಸಿಗೆಯಲ್ಲಿಯೇ, ಜಲಾಶಯಕ್ಕೆ ಮತ್ತೆ ನೀರು ಬರುವ ಮೊದಲು, ಕೈಗೆತ್ತಿಕೊಳ್ಳಬೇಕೆಂದು ವಿನಂತಿಸುತ್ತೇನೆ.

ಇಂತಿ,
ನಿವೃತ್ತ ಶಿಕ್ಷಕ, ಹಾಸನ