ಕುಳಿತ ಮೇಲೆ ಬಸ್ ಬಿಡಿ

ಮಾನ್ಯ ಸಂಪಾದಕರೇ,

ಅಂಗವಿಕಲರಿಗೆ ಅನುಕೂಲವಾದ ಹೊಸ ಬಸ್‌ಗಳು ರಸ್ತೆಗಿಳಿದಾಗಲೆಲ್ಲ ಒಂದೇ ಬಗೆಯ ಚಿತ್ರ ಅಚ್ಚಾಗುತ್ತದೆ. ಬಾಗಿಲಿನಿಂದ ರ‍್ಯಾಂಪ್ ಚಾಚಿದೆ, ಗಾಲಿಕುರ್ಚಿಯಲ್ಲಿ ಕುಳಿತವರು ನಗುತ್ತಿದ್ದಾರೆ, ಹಿಂದೆ ಅಧಿಕಾರಿಗಳ ಸಾಲು. ಚಿತ್ರ ತೆಗೆಯುವಾಗ ಬಸ್ ನಿಂತಿರುತ್ತದೆ. ನನ್ನ ತಕರಾರು ಬಸ್ ಎಲ್ಲಿ ನಿಲ್ಲುತ್ತದೆ, ಯಾವಾಗ ಹೊರಡುತ್ತದೆ ಎಂಬುದರ ಬಗ್ಗೆ.

ನಾನು ಕಚೇರಿಯೊಂದರ ಲೆಕ್ಕಪತ್ರ ವಿಭಾಗದಲ್ಲಿ ದುಡಿಯುವವಳು. ಎಳವೆಯಲ್ಲಿ ಪೋಲಿಯೊ ಬಂದು ಬಲಗಾಲು ಸೋತಿದೆ. ತೊಡೆಯಿಂದ ಪಾದದವರೆಗೆ ಕ್ಯಾಲಿಪರ್, ಅಂದರೆ ಕಾಲಿಗೆ ಕಟ್ಟುವ ಲೋಹದ ಆಸರೆ; ಕೈಯಲ್ಲಿ ಊರುಗೋಲು. ಕ್ಯಾಲಿಪರ್ ಕಟ್ಟಿಕೊಳ್ಳದವರಿಗೆ ಅದರ ಒಳಗುಟ್ಟು ಗೊತ್ತಿರುವುದಿಲ್ಲ. ಮೊಣಕಾಲಿನ ಎರಡೂ ಬದಿಯ ಕೀಲುಗಳಿಗೆ ಒಂದೊಂದು ಲೋಹದ ಉಂಗುರ ಇರುತ್ತದೆ. ಎದ್ದು ನಿಂತಾಗ ಉಂಗುರಗಳು ಕೆಳಗೆ ಜಾರಿ ಕೀಲಿಗೆ ಬೀಗ ಹಾಕುತ್ತವೆ, ಕಾಲು ನೆಟ್ಟಗೆ ನಿಲ್ಲುತ್ತದೆ. ಕಾಲು ಮಡಿಸಬೇಕೆಂದರೆ ಬಾಗಿ ಎರಡನ್ನೂ ಬೆರಳಿನಿಂದ ಮೇಲಕ್ಕೆ ಎಳೆಯಬೇಕು. ಅಂದರೆ ಬಸ್ ಹತ್ತಿದ ಮೇಲೆ ನಾನು ಆಸನದವರೆಗೆ ನಡೆದು, ಬೆನ್ನು ತಿರುಗಿಸಿ, ಊರುಗೋಲನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಒಂದು ಕೈಯಲ್ಲಿ ಕಂಬಿ ಹಿಡಿದು ಇನ್ನೊಂದು ಕೈಯಲ್ಲಿ ಬೀಗ ಬಿಡಿಸಬೇಕು. ಅಷ್ಟರಲ್ಲಿ ಬಸ್ ಮುಂದಕ್ಕೆ ಜಿಗಿದರೆ ಬೇರೆಯವರು ಮೊಣಕಾಲು ಸಡಿಲಿಸಿ ಸಾವರಿಸಿಕೊಳ್ಳುತ್ತಾರೆ. ನನ್ನ ಕಾಲು ಮಡಿಯುವುದಿಲ್ಲ. ಕಡಿದ ಮರದಂತೆ ಇಡಿಯಾಗಿ ಬೀಳುತ್ತೇನೆ. ಬಿದ್ದಿದ್ದೇನೆ ಕೂಡ. ನಿರ್ವಾಹಕರು ಎತ್ತಿ ಕೂರಿಸಿ, “ಹತ್ತಿದ ಕೂಡಲೇ ಕುಳಿತುಬಿಡಬೇಕಲ್ಲವೇ ಅಮ್ಮಾ” ಎಂದು ಬುದ್ಧಿ ಹೇಳಿದರು. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಅವರದು ನಿಜವಾದ ಕಾಳಜಿ, ಹಾಗಾಗಿ ಬಾಯಿ ಮುಚ್ಚಿಕೊಂಡೆ.

ಚಾಲಕರ ಮೇಲೆ ಹರಿಹಾಯುವುದು ಸುಲಭ. ಆದರೆ ಅವರ ಕೈಗೆ ಕೊಟ್ಟ ವೇಳಾಪಟ್ಟಿಯನ್ನು ಯಾರಾದರೂ ನೋಡಿದ್ದಾರೆಯೇ? ಓಡಿಬಂದು ಹತ್ತುವವರ ವೇಗಕ್ಕೆ ನಿಲುಗಡೆಯ ಸಮಯ ಗೊತ್ತುಮಾಡಿದರೆ, ನನ್ನಂಥವರು ಹತ್ತಿದ ದಿನ ಬಸ್ ತಡವಾಗಲೇಬೇಕು. ತಡವಾದದ್ದಕ್ಕೆ ಸಮಜಾಯಿಷಿ ಕೊಡಬೇಕಾದವರು ಚಾಲಕರು, ಪಟ್ಟಿ ಬರೆದವರಲ್ಲ. ಊರುಗೋಲು ಕಂಡೊಡನೆ ಕೆಲವರು ನಾಲ್ಕು ಮಾರು ಮುಂದೆ ಹೋಗಿ ನಿಲ್ಲಿಸುವುದು, ಕೆಲವರು ನಿಲ್ಲಿಸದೆಯೇ ಹೋಗುವುದು ಇದೇ ಕಾರಣಕ್ಕೆ. ರ‍್ಯಾಂಪಿನ ಖರ್ಚಿಗೆ ಲೆಕ್ಕದಲ್ಲಿ ಒಂದು ಬಾಬತ್ತು ಇದೆ. ರ‍್ಯಾಂಪ್ ಬಿಚ್ಚಿ ಮಡಿಚಲು ತಗಲುವ ಸಮಯಕ್ಕೆ ಯಾವ ಪಟ್ಟಿಯಲ್ಲೂ ಜಾಗವಿಲ್ಲ.

ಇನ್ನು ಬಸ್ ನಿಲ್ಲುವ ಜಾಗ. ಲೆಕ್ಕದವಳಾದ್ದರಿಂದ ಅಂಕಿಗಳನ್ನೇ ಇಡುತ್ತೇನೆ. ತಗ್ಗು ನೆಲದ ಬಸ್ಸಿನ ನೆಲ ರಸ್ತೆಯಿಂದ ಸುಮಾರು 30 ಸೆಂಟಿಮೀಟರ್ ಎತ್ತರದಲ್ಲಿದೆ, ರ‍್ಯಾಂಪ್ ಒಂದು ಮೀಟರ್ ಉದ್ದವಿದೆ ಎಂದುಕೊಳ್ಳಿ. ಚಾಲಕರು ರಸ್ತೆಯ ನಡುವೆ ನಿಲ್ಲಿಸಿ ರ‍್ಯಾಂಪನ್ನು ಡಾಂಬರಿನ ಮೇಲೆ ಇಳಿಸಿದರೆ ಅದರ ಏರು ಹೆಚ್ಚುಕಡಿಮೆ ಮೂರಕ್ಕೆ ಒಂದು, ಅಂದರೆ ಮೂರು ಅಡಿ ಮುಂದೆ ಸಾಗುವಷ್ಟರಲ್ಲಿ ಒಂದು ಅಡಿ ಮೇಲೇರಬೇಕು. ಅದೇ ಬಸ್ಸನ್ನು 15 ಸೆಂಟಿಮೀಟರ್ ಎತ್ತರದ ಪಾದಚಾರಿ ಮಾರ್ಗದ ಅಂಚಿಗೆ ತಂದು ನಿಲ್ಲಿಸಿದರೆ ಏರು ಸುಮಾರು ಏಳಕ್ಕೆ ಒಂದಕ್ಕೆ ಇಳಿಯುತ್ತದೆ. ಕಟ್ಟಡಗಳ ರ‍್ಯಾಂಪಿಗೆ ಸಾಮಾನ್ಯವಾಗಿ ಹೇಳುವ ಅಳತೆ ಹನ್ನೆರಡಕ್ಕೆ ಒಂದು. ಮೂರಕ್ಕೆ ಒಂದರ ಏರನ್ನು ಗಾಲಿಕುರ್ಚಿಯಲ್ಲಿ ಸ್ವಂತ ತೋಳಬಲದಿಂದ ಹತ್ತುವುದು ಬಹುತೇಕ ಯಾರಿಂದಲೂ ಆಗದ ಮಾತು, ಹಿಂದಿನಿಂದ ಇಬ್ಬರು ನೂಕಬೇಕು. ಬಸ್ಸು, ರ‍್ಯಾಂಪು ಎಲ್ಲ ಅದೇ ಇದ್ದರೂ ಚಾಲಕರು ಎಷ್ಟು ಹತ್ತಿರ ಬಂದರು ಎಂಬುದರ ಮೇಲೆ ಒಬ್ಬರು ಸ್ವತಂತ್ರರಾಗಿ ಹತ್ತುತ್ತಾರೋ ಪರರ ಕೈ ಕಾಯುತ್ತಾರೋ ಎಂಬುದು ತೀರ್ಮಾನವಾಗುತ್ತದೆ.

ಅಂಚಿಗೆ ತಾಗಿದರೆ ಟೈರ್ ಸವೆಯುತ್ತದೆ ಎಂಬ ಅಳುಕು ಚಾಲಕರಿಗಿದೆ, ಅದು ಸುಳ್ಳೂ ಅಲ್ಲ. ಜರ್ಮನಿಯ ಕಾಸೆಲ್ ನಗರದಲ್ಲಿ 1990ರ ದಶಕದಲ್ಲಿ ಇದಕ್ಕೊಂದು ಉಪಾಯ ಕಂಡುಕೊಂಡರು. ನಿಲ್ದಾಣದ ಅಂಚುಗಲ್ಲಿನ ಬುಡವನ್ನು ಒಳಬಾಗಿಸಿ ನುಣುಪಾಗಿ ಎರಕ ಹೊಯ್ದರು. ಟೈರ್ ಅದಕ್ಕೆ ಒರಗಿಕೊಂಡೇ ಜಾರುತ್ತದೆ, ಬಸ್ ತಾನಾಗಿ ಅಂಚಿಗೆ ಹೊಂದಿಕೊಂಡು ನಿಲ್ಲುತ್ತದೆ. ಬ್ರೆಜಿಲ್‌ನ ಕುರಿಟಿಬಾದಲ್ಲಿ 1991ರಿಂದಲೇ ಕೊಳವೆಯಾಕಾರದ ನಿಲ್ದಾಣಗಳ ನೆಲವನ್ನು ಬಸ್ಸಿನ ನೆಲದ ಮಟ್ಟಕ್ಕೆ ಎತ್ತರಿಸಿದ್ದಾರೆ. ಇವೆರಡೂ ಬೆರಗುಗೊಳಿಸುವ ತಂತ್ರಜ್ಞಾನವಲ್ಲ, ಗಾರೆ ಕೆಲಸ. ಬಹುಶಃ ಅದಕ್ಕೇ ಉದ್ಘಾಟನೆಯ ಚಿತ್ರಗಳಲ್ಲಿ ಇಂಥವು ಕಾಣಿಸುವುದಿಲ್ಲ.

ಗಾಲಿಕುರ್ಚಿಗೆ ಮೀಸಲಾದ ಜಾಗದಲ್ಲಿ ಮೂಟೆ, ಸೂಟ್‌ಕೇಸ್, ಮಕ್ಕಳ ತಳ್ಳುಗಾಡಿ ಕಂಡರೆ ಯಾರಿಗೂ ಆಶ್ಚರ್ಯವಾಗುವುದಿಲ್ಲ. ಬ್ರಿಟನ್ನಿನ ಸರ್ವೋಚ್ಚ ನ್ಯಾಯಾಲಯ 2017ರಲ್ಲಿ ಇಂಥದೇ ಪ್ರಕರಣದಲ್ಲಿ, ಜಾಗ ಬಿಡಿ ಎಂದು ಚಾಲಕರು ಒಮ್ಮೆ ಕೇಳಿ ಸುಮ್ಮನಾದರೆ ಸಾಲದು ಎಂದಿತು. ಸಕಾರಣವಿಲ್ಲದೆ ಒಪ್ಪದವರಿಗೆ ಇನ್ನಷ್ಟು ಒತ್ತಾಯಿಸಬೇಕು, ಬೇಕಾದರೆ ಕೆಲವು ನಿಮಿಷ ಬಸ್ಸನ್ನು ಹೊರಡಿಸದೆ ನಿಲ್ಲಿಸುವುದನ್ನೂ ಯೋಚಿಸಬೇಕು. ಇಲ್ಲಿಯೂ ಮತ್ತದೇ ಸಮಯದ ಪ್ರಶ್ನೆ.

ನನ್ನ ಸಹೋದ್ಯೋಗಿಯೊಬ್ಬರಿಗೆ ದೃಷ್ಟಿಯಿಲ್ಲ. ಅವರ ಕಷ್ಟ ಬೇರೆ. ಮುಂದಿನ ನಿಲ್ದಾಣದ ಹೆಸರು ಹೇಳುವ ಧ್ವನಿ ಬಸ್ಸಿನಲ್ಲಿದೆ, ಕಿರಿಕಿರಿಯೆಂದು ಬಸ್ಸಿನ ಸಿಬ್ಬಂದಿ ಅದನ್ನು ನಿಲ್ಲಿಸಿಬಿಟ್ಟಿರುತ್ತಾರೆ. ಆಗ ಅವರು ತಿರುವುಗಳನ್ನೂ ರಸ್ತೆಯುಬ್ಬುಗಳನ್ನೂ ಎಣಿಸುತ್ತಾ ಕೂರುತ್ತಾರೆ. ರಸ್ತೆ ದುರಸ್ತಿಗೆಂದು ಮಾರ್ಗ ಬದಲಾದ ದಿನ ಆ ಲೆಕ್ಕವೂ ಕೈಕೊಡುತ್ತದೆ. ಅವರು ಸುಮ್ಮನೆ ಕುಳಿತಿದ್ದಾರೆಂದು ಭಾವಿಸಿ ಪಕ್ಕದವರು ಮಾತನಾಡಿಸಲು ಶುರುಮಾಡುತ್ತಾರೆ, ಎಣಿಕೆ ತಪ್ಪುತ್ತದೆ!

ವಿಶ್ವಸಂಸ್ಥೆ 2006ರಲ್ಲಿ ಅಂಗೀಕರಿಸಿದ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 9ನೆಯ ವಿಧಿ ಸಾರಿಗೆಯನ್ನು ಹೆಸರಿಸಿಯೇ ಹೇಳುತ್ತದೆ, ಸಂಬಂಧಪಟ್ಟವರಿಗೆ ತರಬೇತಿ ಕೊಡಬೇಕೆಂದೂ ಹೇಳುತ್ತದೆ. ತರಬೇತಿ ಎಂದರೆ ಸಭಾಂಗಣದ ಭಾಷಣವಾಗಬಾರದು. ಚಾಲಕರನ್ನು ಒಂದು ದಿನ ಗಾಲಿಕುರ್ಚಿಯಲ್ಲಿ ಕೂರಿಸಿ, ಅವರದೇ ಸಹೋದ್ಯೋಗಿ ನಿಲ್ಲಿಸಿದ ಬಸ್ಸಿಗೆ ಹತ್ತಿಸಿ. ವೇಳಾಪಟ್ಟಿ ಬರೆಯುವವರನ್ನೂ ಜೊತೆಗೆ ಕರೆಯಿರಿ, ಗಡಿಯಾರ ಅವರ ಕೈಯಲ್ಲಿರಲಿ.

ಸಾರಿಗೆ ಅಧಿಕಾರಿಗಳಿಗೆ ನನ್ನದು ಎರಡೇ ಕೋರಿಕೆ. ಅಂಗವಿಕಲ ಪ್ರಯಾಣಿಕರು ಕುಳಿತ ಮೇಲೆ, ಗಾಲಿಕುರ್ಚಿ ತನ್ನ ಜಾಗ ಸೇರಿದ ಮೇಲೆ ಮಾತ್ರ ಬಸ್ ಹೊರಡಬೇಕೆಂದು ಲಿಖಿತ ಆದೇಶ ಕೊಡಿ. ಅದರಿಂದಾಗುವ ವಿಳಂಬವನ್ನು ನಿರ್ವಾಹಕರು ದಾಖಲಿಸಿದರೆ ಚಾಲಕರಿಂದ ವಿವರಣೆ ಕೇಳುವುದಿಲ್ಲವೆಂದು ಅದೇ ಆದೇಶದಲ್ಲಿ ಬರೆಯಿರಿ. ಎರಡನೆಯ ವಾಕ್ಯವಿಲ್ಲದ ಆದೇಶ ಹೊರಡಿಸುವುದಾದರೆ ಕಾಗದ ಉಳಿಸಿ.

ಇಂತಿ,
ಒಬ್ಬ ನಿತ್ಯ ಪ್ರಯಾಣಿಕಳು