ನಿವೃತ್ತರಾದ ಮೇಲೂ ಸಂಘ ಬಿಡಬೇಡಿ

ನಮ್ಮ ನಗರಾಡಳಿತ ಅಧಿಕಾರಿಗಳ ಸಂಘದ ಸದಸ್ಯರೆಲ್ಲರಿಗೂ ನಮಸ್ಕಾರ.

ಈ ವರ್ಷ ನಿವೃತ್ತರಾಗುತ್ತಿರುವವರು ದಯವಿಟ್ಟು ಗುಂಪು ಬಿಟ್ಟು ಹೋಗಬೇಡಿ. ಕಚೇರಿಯ ಇಮೇಲ್ ನಿಂತುಹೋಗುವ ಮೊದಲೇ ನಿಮ್ಮ ಸ್ವಂತ ಇಮೇಲ್, ಮೊಬೈಲ್ ನಂಬರ್ ಕಾರ್ಯದರ್ಶಿಗೆ ಕೊಡಿ. ಇದೊಂದು ಸಣ್ಣ ಕೆಲಸ ಮರೆತು ಎಷ್ಟೋ ಹಿರಿಯರು ನಮ್ಮ ಕೈತಪ್ಪಿ ಹೋಗಿದ್ದಾರೆ.

ಹೊಸಬರಿಗೆ ನಿಯಮದ ಪುಸ್ತಕ ಸಿಗುತ್ತದೆ. ಆದರೆ ಬಜೆಟ್ ಸಭೆಯಲ್ಲಿ ಗಲಾಟೆ ಎದ್ದಾಗ, ತಪ್ಪು ಬಿಲ್ಲಿಗೆ ಸಹಿ ಹಾಕಿ ಅಂತ ಒತ್ತಡ ಬಂದಾಗ ಏನು ಮಾಡಬೇಕು? ಅದನ್ನು ಅನುಭವಿಸಿದವರೇ ಹೇಳಬೇಕು, ಅಲ್ವಾ? ನಿಮಗೀಗ ಮೇಲಧಿಕಾರಿಯ ಭಯವಿಲ್ಲ, ಬಡ್ತಿಯ ಚಿಂತೆಯಿಲ್ಲ. ಮನಬಿಚ್ಚಿ ಮಾತಾಡಬಹುದು. 1914ರಲ್ಲಿ ಅಮೆರಿಕದಲ್ಲಿ ಶುರುವಾದ ನಗರ ಆಡಳಿತಗಾರರ ಸಂಘ ಐಸಿಎಂಎಯಲ್ಲಿ ಇಂಥ ವ್ಯವಸ್ಥೆಯೇ ಇದೆ. ಅಲ್ಲಿ ನಿವೃತ್ತರು ಹಿರಿಯ ಸಲಹೆಗಾರರಾಗಿ, ಕೆಲಸದಲ್ಲಿರುವವರ ಕಷ್ಟವನ್ನು ಗುಟ್ಟಾಗಿ ಕೇಳಿ ದಾರಿ ತೋರಿಸುತ್ತಾರೆ. ಸ್ವಯಂಸೇವಕರಾಗಿಯೇ.

ಆದರೆ ಹಳೆಯ ಕಚೇರಿಯ ಕಡತಗಳಲ್ಲಿ ಕೈಯಾಡಿಸುವುದು ಮಾತ್ರ ಬೇಡ. ಕೇಳಿದಾಗ ಸಲಹೆ ಕೊಡೋಣ, ತೀರ್ಮಾನ ಈಗಿನವರದ್ದು.

ತಿಂಗಳಿಗೆ ಒಂದು ಗಂಟೆ ಕೊಡಬಲ್ಲವರು ಹೆಸರಿನ ಜೊತೆ ನಿಮಗೆ ಯಾವ ವಿಷಯ ಚೆನ್ನಾಗಿ ಗೊತ್ತು ಅಂತ ಇಲ್ಲೇ ಬರೆಯಿರಿ. ತೆರಿಗೆ, ನೀರು, ಕಸ, ಲೆಕ್ಕಪತ್ರ, ಯಾವುದಾದರೂ ಸರಿ.